ಮುಕ್ತ ಆಕಾಶದಲ್ಲಿ ಸೊಲ್ಲಾಪುರದ ಪಾಲು

1953ರ ವಾಯು ನಿಗಮಗಳ ಕಾಯ್ದೆಯಿಂದ ರಾಷ್ಟ್ರೀಕರಣಗೊಂಡ ಭಾರತದ ವಿಮಾನಯಾನವು 1994ರಲ್ಲಿ ಆ ಕಾಯ್ದೆ ರದ್ದಾದ ಮೇಲೆ ಖಾಸಗಿಯವರಿಗೆ ವಿಧ್ಯುಕ್ತವಾಗಿ ತೆರೆದುಕೊಂಡಿತು. ನಿಯಂತ್ರಣಮುಕ್ತಿ ಎಂದು ಕರೆಯಲಾಗುವ ಈ ಬದಲಾವಣೆಯಲ್ಲಿ ಸುರಕ್ಷತೆಯ ಮೇಲ್ವಿಚಾರಣೆ ಸರ್ಕಾರದ ಬಳಿಯೇ ಉಳಿಯುತ್ತದೆ. ಯಾವ ಊರಿಗೆ ಹಾರಬೇಕು, ಎಷ್ಟು ದರ ಪಡೆಯಬೇಕು ಎಂಬುದನ್ನು ಮಾತ್ರ ಬಹುಮಟ್ಟಿಗೆ ಕಂಪನಿಗಳೇ ತೀರ್ಮಾನಿಸುತ್ತವೆ. ಅಮೆರಿಕವು 1978ರಲ್ಲೇ ಕಾಯ್ದೆಯೊಂದರ ಮೂಲಕ ಈ ದಾರಿ ಹಿಡಿದಿತ್ತು. ಆದರೆ ಲಾಭವಿಲ್ಲದ ಸಣ್ಣ ಊರುಗಳನ್ನು ಕಂಪನಿಗಳು ಕೈಬಿಡಬಹುದೆಂದು ಮುಂಗಂಡು, ಅಂಥ ಊರುಗಳ ಸೇವೆಗೆ ಸಹಾಯಧನ ನೀಡುವ ಏರ್ಪಾಟನ್ನೂ ಅದೇ ಕಾಯ್ದೆಯಲ್ಲಿ ಸೇರಿಸಿತ್ತು.

ಭಾರತದಲ್ಲಿ ಸ್ಪರ್ಧೆಯ ಫಲ ಜನಸಾಮಾನ್ಯರಿಗೆ ದಕ್ಕಿದ್ದು, ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ 2003ರಲ್ಲಿ ಬೆಂಗಳೂರು–ಹುಬ್ಬಳ್ಳಿ ನಡುವೆ ಕಡಿಮೆ ದರದ ಹಾರಾಟ ಆರಂಭಿಸಿದ ಬಳಿಕ. ಅದೇ ಸ್ಪರ್ಧೆ ಕಂಪನಿಗಳನ್ನು ನುಂಗಿತು ಕೂಡ: ಏರ್ ಡೆಕ್ಕನ್ ಕಿಂಗ್‌ಫಿಶರ್‌ನಲ್ಲಿ ಲೀನವಾಯಿತು, ಕಿಂಗ್‌ಫಿಶರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ ನೆಲಕ್ಕಿಳಿದವು, ಇಂದು ದೇಶದೊಳಗಿನ ಪ್ರಯಾಣಿಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಇಂಡಿಗೋ ಒಂದೇ ಸಾಗಿಸುತ್ತಿದೆ.

ಈ ಏರಿಳಿತದ ಪೆಟ್ಟು ಸೊಲ್ಲಾಪುರದಂಥ ನಗರಗಳಿಗೆ ಹೆಚ್ಚು ತಾಗಿತು. ಚಾದರ ಮತ್ತು ಟವೆಲ್‌ಗಳ ನೇಯ್ಗೆಗೆ ಹೆಸರಾದ, ಸಿದ್ಧರಾಮೇಶ್ವರರ ಈ ನಗರಕ್ಕೂ, ಸ್ವಾಮಿ ಸಮರ್ಥರ ದರ್ಶನಕ್ಕೆ ದೂರದೂರದ ಭಕ್ತರು ಬರುವ, ಕನ್ನಡ ಮನೆಮಾತಾಗಿರುವ ಹಳ್ಳಿಗಳಿಂದ ತುಂಬಿದ ಅಕ್ಕಲಕೋಟಕ್ಕೂ ಹತ್ತಿರದ ನಿಲ್ದಾಣ ಹೋಟಗಿ ರಸ್ತೆಯದು. ಕಿಂಗ್‌ಫಿಶರ್ ಅಲ್ಲಿಂದ ಮುಂಬೈಗೆ ಕೆಲಕಾಲ ಹಾರಿಸಿ ನಿಲ್ಲಿಸಿದ ಮೇಲೆ ವರ್ಷಗಟ್ಟಲೆ ನಿಯತ ಸೇವೆ ಇರಲಿಲ್ಲ. ವಿಮಾನದ ಹಾದಿಗೆ ಅಡ್ಡಿಯೆಂದು ಗುರುತಿಸಲಾಗಿದ್ದ ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆಯ ಚಿಮಣಿಯನ್ನು ಕಬ್ಬು ಬೆಳೆಗಾರರ ವಿರೋಧದ ನಡುವೆ 2023ರ ಜೂನ್‌ನಲ್ಲಿ ಕೆಡವಲಾಯಿತು. ರೈತರು ತೆತ್ತ ಈ ಬೆಲೆಯನ್ನು ವಿಮಾನಯಾನದ ಲೆಕ್ಕದಲ್ಲಿ ಯಾರೂ ಮರೆಯಬಾರದು. 2024ರ ಸೆಪ್ಟೆಂಬರ್‌ನಲ್ಲಿ ನವೀಕೃತ ನಿಲ್ದಾಣ ಉದ್ಘಾಟನೆಗೊಂಡು, 2025ರ ಜೂನ್‌ನಲ್ಲಿ ಫ್ಲೈ91 ಗೋವಾಕ್ಕೂ, ಅಕ್ಟೋಬರ್‌ನಲ್ಲಿ ಸ್ಟಾರ್ ಏರ್ ಮುಂಬೈಗೂ ಹಾರಾಟ ಆರಂಭಿಸಿದವು. ಟಿಕೆಟ್ ಹಣದಿಂದ ಭರ್ತಿಯಾಗದ ವೆಚ್ಚದ ಅಂತರವನ್ನು ತುಂಬಿಕೊಡಲು ಮಹಾರಾಷ್ಟ್ರ ಸರ್ಕಾರ ಒಪ್ಪಿದ್ದರಿಂದ ಮುಂಬೈ ಮಾರ್ಗ ಸಾಧ್ಯವಾಯಿತು.

ಕೇಂದ್ರದ ಉಡಾನ್ ಯೋಜನೆ 2016ರಿಂದ ದೇಶದಾದ್ಯಂತ ಇದೇ ತತ್ತ್ವದ ಮೇಲೆ ನಡೆದಿದೆ. ಆದರೆ ಅದರ ಸಹಾಯಧನ ಸಾಮಾನ್ಯವಾಗಿ ಮೂರು ವರ್ಷಗಳಿಗೆ ಸೀಮಿತ. ಮಹಾಲೇಖಪಾಲರ 2023ರ ವರದಿಯಂತೆ, ಯೋಜನೆಯ ಮೊದಲ ಹಂತಗಳಲ್ಲಿ ಮಂಜೂರಾದ 774 ಮಾರ್ಗಗಳಲ್ಲಿ 371 ಮಾತ್ರ ಆರಂಭಗೊಂಡು, ಅವುಗಳಲ್ಲಿ 112 ಮೂರು ವರ್ಷ ಪೂರೈಸಿ, 2023ರ ಮಾರ್ಚ್ ವೇಳೆಗೆ 54 ಮಾತ್ರ ಸಹಾಯಧನವಿಲ್ಲದೆ ಮುಂದುವರಿದಿದ್ದವು. ಆದ್ದರಿಂದ ಸಹಾಯಧನ ಮುಗಿಯುವ ದಿನಕ್ಕೆ ಕಾಯದೆ, ಸೊಲ್ಲಾಪುರ, ಅಕ್ಕಲಕೋಟ ಮತ್ತು ನೆರೆಯ ವಿಜಯಪುರ ಜಿಲ್ಲೆಯ ವ್ಯಾಪಾರಿಗಳು, ದೇವಸ್ಥಾನಗಳು, ಜನಪ್ರತಿನಿಧಿಗಳು ಈಗಲೇ ಒಟ್ಟಾಗಿ, ಯಾವ ಮಾರ್ಗಕ್ಕೆ ಎಷ್ಟು ಪ್ರಯಾಣಿಕರಿದ್ದಾರೆಂಬ ಲೆಕ್ಕವನ್ನು ಕಂಪನಿಗಳ ಮುಂದಿಡಬೇಕು.