ಹದಿನೆಂಟರ ಕಾಯಿದೆಯೂ ಶಾಲೆಯ ರಿಜಿಸ್ಟರೂ



ಪ್ರತಿ ವರ್ಷವೂ ಬೇಸಗೆಯ ರಜೆ ಕಳೆದು ಶಾಲೆಯು ತೆರೆದ ಮೊದಲನೆಯ ವಾರದಲ್ಲಿ ಒಂಬತ್ತನೆಯ ಮತ್ತು ಹತ್ತನೆಯ ತರಗತಿಗಳ ಹಾಜರಿ ಪುಸ್ತಕಗಳನ್ನು ತರಿಸಿ ನೋಡುವುದು ನನ್ನ ವಾಡಿಕೆಯಾಗಿದೆ. ಒಂದೆರಡು ಹೆಸರುಗಳ ಮುಂದೆ ಗೈರುಹಾಜರಿಯ ಗುರುತು ಸಾಲಾಗಿ ಬಿದ್ದಿರುವುದುಂಟು. ವಿಚಾರಿಸಿದರೆ ಜೊತೆಯ ಹುಡುಗಿಯರು ತಲೆ ತಗ್ಗಿಸಿ, "ಅಕಿದು ಲಗ್ನ ಆತ್ರಿ, ಟೀಚರ್" ಎನ್ನುತ್ತಾರೆ.

ಹೆಣ್ಣುಮಕ್ಕಳ ಸಮಾನತೆಗಾಗಿ ನಮ್ಮ ದೇಶದಲ್ಲಿ ನಡೆದಿರುವ ಪ್ರಯತ್ನಗಳನ್ನು ಕುರಿತು ಈ ಸ್ಮರಣ ಸಂಚಿಕೆಗೆ ಬರೆಯಬೇಕೆಂದು ಕೇಳಿದಾಗ ನಾನು ಅವುಗಳಲ್ಲಿ ವಿವಾಹ ವಯಸ್ಸಿನ ಕಾಯಿದೆಯೊಂದನ್ನೇ ಆರಿಸಿಕೊಂಡೆನು. ಯಾಕಂದರೆ ಹದಿನೈದು ವರ್ಷದ ಬಾಲಿಕೆಯು ಅತ್ತೆಯ ಮನೆಗೆ ಹೋದ ಮೇಲೆ ವಿದ್ಯಾರ್ಥಿವೇತನವಾಗಲಿ ವಸತಿನಿಲಯವಾಗಲಿ ಆಕೆಯನ್ನು ಮುಟ್ಟಲಾರದು.

ಈ ಕಾಯಿದೆಯು ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಮೈಸೂರು ಸಂಸ್ಥಾನದವರು 1894ರಲ್ಲಿಯೇ ಎಂಟು ವರ್ಷ ತುಂಬದ ಹೆಣ್ಣುಮಗುವಿನ ಮದುವೆಯನ್ನು ನಿಷೇಧಿಸಿದರು. ಎಂಟು ವರ್ಷವೆಂಬುದನ್ನು ಓದಿ ಇಂದಿನ ಹುಡುಗಿಯರು ನಗುತ್ತಾರೆ. ಆ ಕಾಲದಲ್ಲಿ ಅದೇ ದೊಡ್ಡ ಸಾಹಸವಾಗಿತ್ತು. ಹರಬಿಲಾಸ ಶಾರದಾ ಎಂಬವರ ಪ್ರಯತ್ನದಿಂದ 1929ರಲ್ಲಿ ಬ್ರಿಟಿಷ್ ಇಂಡಿಯಾಕ್ಕೆ ಬಂದ ಕಾಯಿದೆಯು ಹೆಣ್ಣಿಗೆ ಹದಿನಾಲ್ಕು, ಗಂಡಿಗೆ ಹದಿನೆಂಟು ಎಂದು ಗೊತ್ತುಪಡಿಸಿತು. ಆದರೆ ನಮ್ಮ ಲಿಂಗಸುಗೂರು ಆಗ ನಿಜಾಮರ ಸೀಮೆಯಲ್ಲಿದ್ದುದರಿಂದ ಶಾರದಾ ಕಾಯಿದೆಯ ಸುದ್ದಿಯು ಇಲ್ಲಿಗೆ ಬಂದರೂ ಅದರ ಅಧಿಕಾರವು ಬರಲಿಲ್ಲ. ಹೆಣ್ಣಿನ ವಯಸ್ಸು 1949ರಲ್ಲಿ ಹದಿನೈದಕ್ಕೂ 1978ರಲ್ಲಿ ಹದಿನೆಂಟಕ್ಕೂ ಏರಿತು. ಕ್ರೈಸ್ತರಾದ ನಾವು ಈ ವಿಷಯದಲ್ಲಿ ಹೆಚ್ಚಳಪಡತಕ್ಕದ್ದೇನೂ ಇಲ್ಲ. 1872ರ ನಮ್ಮ ಸ್ವಂತ ವಿವಾಹದ ಕಾಯಿದೆಯಲ್ಲಿಯೂ ವಧುವಿಗೆ ಹದಿಮೂರು ದಾಟಿದ್ದರೆ ಸಾಕೆಂದು 1978ರ ತನಕ ಬರೆದಿತ್ತು.

ಈಗ ಜಾರಿಯಲ್ಲಿರುವುದು 2006ರ ಬಾಲ್ಯವಿವಾಹ ನಿಷೇಧ ಕಾಯಿದೆ. ಇದರ ಪ್ರಕಾರ ಹದಿನೆಂಟು ತುಂಬದ ಹೆಣ್ಣನ್ನು ಮದುವೆಯಾದ ಪ್ರಾಯದ ಗಂಡಸಿಗೂ, ಮದುವೆಯನ್ನು ಮಾಡಿಸಿದ ಪುರೋಹಿತನಿಗೂ, ಒಪ್ಪಿದ ತಂದೆಗೂ ಎರಡು ವರ್ಷಗಳವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿಯವರೆಗೆ ದಂಡವುಂಟು. ವಯಸ್ಸು ಸಾಲದೆಂದು ತಿಳಿದೂ ಲಗ್ನಪತ್ರಿಕೆಯನ್ನು ಅಚ್ಚು ಹಾಕಿದವನು, ಹಂದರ ಹಾಕಿದವನು ಸಹ ಸಹಾಯ ಮಾಡಿದವನೆಂದು ಎಣಿಸಲ್ಪಡಬಹುದು.

ಕೇಂದ್ರದ ಕಾಯಿದೆಯಲ್ಲಿ ಒಂದು ದೊಡ್ಡ ಬಿರುಕಿತ್ತು. ಬಾಲ್ಯವಿವಾಹವು ಅಪರಾಧವಾದರೂ ವಿವಾಹವು ಮಾತ್ರ ನಿಲ್ಲುತ್ತಿತ್ತು. ಅದು ರದ್ದಾಗಬೇಕಾದರೆ ಆ ಹುಡುಗಿಯೇ ಇಪ್ಪತ್ತು ವರ್ಷ ತುಂಬುವುದರೊಳಗಾಗಿ ನ್ಯಾಯಾಲಯಕ್ಕೆ ಹೋಗಿ ಬೇಡಿಕೊಳ್ಳಬೇಕಾಗಿತ್ತು. ಗಂಡನ ಮನೆಯ ಹೊಸ್ತಿಲು ದಾಟಲು ಅಪ್ಪಣೆ ಬೇಕಾದವಳು ಕೋರ್ಟಿನ ಮೆಟ್ಟಿಲನ್ನು ಹತ್ತುವುದೆಂತು? ನಮ್ಮ ರಾಯಚೂರು ಜಿಲ್ಲೆಯಲ್ಲಿಯೇ ಹುಟ್ಟಿ ಸುಪ್ರೀಮ್ ಕೋರ್ಟಿನ ನ್ಯಾಯಾಧೀಶರಾಗಿದ್ದ ಶಿವರಾಜ ಪಾಟೀಲರ ಅಧ್ಯಕ್ಷತೆಯ ಸಮಿತಿಯು 2011ರಲ್ಲಿ ಕರ್ನಾಟಕದ ಬಾಲ್ಯವಿವಾಹಗಳ ವಿಷಯವಾಗಿ ವರದಿಯನ್ನು ಒಪ್ಪಿಸಿತು. ಆ ಮೇಲೆ ನಮ್ಮ ರಾಜ್ಯದವರು 2016ರ ತಿದ್ದುಪಡಿಯಿಂದ ಇಂಥ ವಿವಾಹವು ಮೊದಲಿನಿಂದಲೇ ಅಸಿಂಧುವೆಂದು ವಿಧಿಸಿದರು. ಅಂದರೆ ತಾಳಿ ಕಟ್ಟಿದರೂ ಅಕ್ಕಿಕಾಳು ಬಿದ್ದರೂ ಕಾಯಿದೆಯ ಕಣ್ಣಿನಲ್ಲಿ ಆ ಮದುವೆ ನಡೆದೇ ಇಲ್ಲ. ಮಿಕ್ಕ ರಾಜ್ಯಗಳೂ ಕರ್ನಾಟಕದ ಹಾದಿಯನ್ನು ಹಿಡಿಯುವುದು ಒಳ್ಳೆಯದೆಂದು 2017ರ ಅಕ್ಟೋಬರದಲ್ಲಿ ಸುಪ್ರೀಮ್ ಕೋರ್ಟು ಹೇಳಿತು. ಹದಿನೆಂಟು ತುಂಬದ ಹೆಂಡತಿಯೊಡನೆ ದಾಂಪತ್ಯವೂ ಅಪರಾಧವೆಂದು ಅದೇ ತೀರ್ಪು ಸಾರಿತು. ನಮ್ಮ ಅನೇಕ ಅಳಿಯಂದಿರಿಗೆ ಇದು ಇನ್ನೂ ತಿಳಿಯದು.

ಹೆಣ್ಣಿಗೂ ಇಪ್ಪತ್ತೊಂದು ವರ್ಷವಾಗಬೇಕೆಂಬ ಮಸೂದೆಯೊಂದು 2021ರ ಡಿಸೆಂಬರದಲ್ಲಿ ಲೋಕಸಭೆಗೆ ಬಂದಿತ್ತು. ಅದು ಕಾಯಿದೆಯಾಗದೆ ಆ ಲೋಕಸಭೆಯೊಡನೆಯೇ ತೀರಿತು. ಹದಿನೆಂಟನ್ನಾದರೂ ನಾವು ಸರಿಯಾಗಿ ಕಾಯುವುದಿಲ್ಲವಷ್ಟೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ ಇಪ್ಪತ್ತರಿಂದ ಇಪ್ಪತ್ತನಾಲ್ಕು ವರ್ಷದ ಸ್ತ್ರೀಯರೊಳಗೆ ನೂರಕ್ಕೆ 21.3 ಮಂದಿಗೆ ಹದಿನೆಂಟರೊಳಗೇ ಮದುವೆಯಾಗಿದ್ದಿತು.

ಇನ್ನು ರಿಜಿಸ್ಟರಿನ ಮಾತು. ವಯಸ್ಸಿನ ವಿಷಯವಾಗಿ ಸಂಶಯ ಬಂದರೆ 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಅಧಿಕಾರಿಗಳು ಮೊಟ್ಟಮೊದಲು ಕೇಳುವುದು ಶಾಲೆಯ ಜನ್ಮದಿನಾಂಕದ ಪತ್ರವನ್ನು, ಇಲ್ಲವೆ ಹತ್ತನೆಯ ತರಗತಿಯ ಸರ್ಟಿಫಿಕೇಟನ್ನು. ಅದಿಲ್ಲವಾದರೆ ಪಂಚಾಯತಿಯ ಇಲ್ಲವೆ ಪುರಸಭೆಯ ಜನನಪತ್ರ. ಅದೂ ಇಲ್ಲವಾದರೆ ಮಾತ್ರ ವೈದ್ಯರ ಪರೀಕ್ಷೆ. ಆದಕಾರಣ ನಮ್ಮ ಕಛೇರಿಯ ಬೀರುವಿನಲ್ಲಿರುವ ಆ ದಪ್ಪ ಪುಸ್ತಕವು ಕೆಲವು ಹುಡುಗಿಯರ ಪಾಲಿಗೆ ಕೋಟೆಯ ಗೋಡೆಯಂತಿದೆ. ನಮ್ಮ ಉಪಾಧ್ಯಾಯರೂ ಇದರಲ್ಲಿ ತಪ್ಪಿದ್ದುಂಟು. ಹಿಂದಿನ ಕಾಲದಲ್ಲಿ ತಂದೆಯು ಮಗುವನ್ನು ಕರೆತಂದು, "ದೊಡ್ಡ ಮಳೆ ಬಂದ ವರ್ಷ ಹುಟ್ಟ್ಯಾಳ್ರಿ" ಎಂದರೆ ಅವರು ವರ್ಷವನ್ನು ಊಹಿಸಿ, ದಿನಾಂಕಕ್ಕೆ ಜೂನ್ 1 ಎಂದು ಬರೆದುಬಿಡುತ್ತಿದ್ದರು. ಹಳೆಯ ರಿಜಿಸ್ಟರನ್ನು ತೆರೆದರೆ ಲಿಂಗಸುಗೂರು ಸೀಮೆಯ ಮಕ್ಕಳೆಲ್ಲರೂ ಜೂನ್ ಒಂದರಂದೇ ಹುಟ್ಟಿದರೋ ಎಂದು ತೋರುವುದು! ಈಗ ಜನನಪತ್ರವನ್ನು ನೋಡಿಯೇ ಬರೆಯುತ್ತೇವೆ. ಒಂದೆರಡು ವರ್ಷ ಹೆಚ್ಚಾಗಿ ತಿದ್ದಿಕೊಡಿರೆಂದು ಕೇಳಲು ಬರುವ ತಂದೆಗಳಿಗೆ ನಾನು ಕುರ್ಚಿಯನ್ನೂ ನೀರನ್ನೂ ಕೊಟ್ಟಿದ್ದೇನೆ, ತಿದ್ದುಪಡಿಯನ್ನು ಕೊಟ್ಟಿಲ್ಲ.

ಆ ತಂದೆಗಳು ದುಷ್ಟರೆಂದು ಹೇಳಲಾರೆನು. ಮಳೆ ಹೋದ ವರ್ಷ ಮಸ್ಕಿ, ಲಿಂಗಸುಗೂರುಗಳ ಒಣಭೂಮಿಯ ಕುಟುಂಬಗಳು ಗುಳೆ ಹೋಗುತ್ತವೆ. ಬೆಂಗಳೂರಿನಲ್ಲಿ ಕಟ್ಟಡದ ಕೆಲಸ, ತಗಡಿನ ಗುಡಿಸಲಲ್ಲಿ ವಾಸ. ಮೈನೆರೆದ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಲೂ ಭಯ, ಮುದುಕಿಯೊಬ್ಬಳ ಕಾವಲಿನಲ್ಲಿ ಬಿಟ್ಟುಹೋಗಲೂ ಭಯ. ಆಗ ಸೋದರಮಾವನ ಮಗನು ನೆನಪಿಗೆ ಬರುತ್ತಾನೆ. ಅಕ್ಕನ ಮದುವೆಯ ಹಂದರದಲ್ಲಿಯೇ ತಂಗಿಯದನ್ನೂ ಮುಗಿಸಿದರೆ ಒಂದು ಊಟದ ಖರ್ಚು ಉಳಿಯುವುದೆಂಬ ಲೆಕ್ಕವೂ ಸೇರುತ್ತದೆ.

ಕೆಲವು ವರ್ಷಗಳ ಹಿಂದೆ ಹೀಗೆಯೇ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳಿಗೆ ಆಯಿತು. ಅಂಗನವಾಡಿಯಲ್ಲಿ ಕೆಲಸ ಮಾಡುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಲಗ್ನಕ್ಕೆ ನಾಲ್ಕು ದಿನಗಳಿರುವಾಗ ಬಂದು ತಿಳಿಸಿದಳು. ನಾನು ರಿಜಿಸ್ಟರಿನ ಪ್ರತಿಯನ್ನು ತೆಗೆದುಕೊಂಡು ಅಧಿಕಾರಿಗಳಲ್ಲಿಗೆ ಹೋದೆನು. ಹದಿನೆಂಟು ತುಂಬುವ ತನಕ ಮದುವೆ ಮಾಡುವುದಿಲ್ಲವೆಂದು ತಂದೆಯಿಂದ ಮುಚ್ಚಳಿಕೆ ಬರೆಯಿಸಿಕೊಂಡರು. ಅಕ್ಕನ ಮದುವೆಯು ನೇಮಿಸಿದ ದಿನದಲ್ಲಿಯೇ ನಡೆಯಿತು; ತಂಗಿಯನ್ನು ವಸತಿನಿಲಯದಲ್ಲಿ ಸೇರಿಸಿದೆವು. ಮನೆಯ ಮರ್ಯಾದೆ ಹೋಯಿತೆಂದು ಆಕೆಯು ಒಂದು ತಿಂಗಳು ನನ್ನೊಡನೆ ಮಾತಾಡಲಿಲ್ಲ. ಹತ್ತನೆಯ ತರಗತಿಯ ಪರೀಕ್ಷೆಯಾದ ಮೇಲೆ ಆ ತಂದೆಯೇ ಪೇಟೆಯ ನಡುವೆ ಜನರೆದುರಿಗೆ ನನ್ನನ್ನು ನಿಲ್ಲಿಸಿ, ಮಗಳನ್ನು ಕಾಲೇಜಿಗೆ ಸೇರಿಸುವ ಬಗೆಯನ್ನು ಕೇಳಿದನು. ಮಗಳಿಗೋಸ್ಕರ ಗುಂಪಿನ ಮುಂದೆ ಬಂದ ಯಾಯೀರನು ಆಗ ನನ್ನ ನೆನಪಿಗೆ ಬಂದನು.

ಸರ್ಕಾರದ ಭಾಗ್ಯಲಕ್ಷ್ಮಿ ಯೋಜನೆಯನ್ನೂ ಇಲ್ಲಿ ನೆನೆಯಬೇಕು. 2006ರಿಂದೀಚೆಗೆ ಬಡ ಕುಟುಂಬಗಳಲ್ಲಿ ಹುಟ್ಟಿದ ಹೆಣ್ಣುಮಕ್ಕಳ ಹೆಸರಿನಲ್ಲಿ ಅದರಿಂದ ಹಣವಿಡಲಾಯಿತು. ಹದಿನೆಂಟರೊಳಗೆ ಮದುವೆಯಾದವಳಿಗೆ ಆ ಹಣವಿಲ್ಲ. ಎಂಟನೆಯ ತರಗತಿಯವರೆಗಾದರೂ ಓದಿರಬೇಕು. ಬಾಂಡನ್ನು ಪೆಟ್ಟಿಗೆಯಲ್ಲಿಟ್ಟು ಮರೆತ ತಾಯಂದಿರು ಅದನ್ನು ತೆಗೆದು ನೋಡಬೇಕು. 2023ರ ಜೂನ್ 11ರಿಂದ ಸರ್ಕಾರದ ಬಸ್ಸುಗಳಲ್ಲಿ ಸ್ತ್ರೀಯರಿಗೆ ಟಿಕೆಟ್ಟಿನ ಹಣವಿಲ್ಲವಾದುದರಿಂದ, ಬಸ್ಸಿನ ಖರ್ಚಿಗಾಗಿ ಶಾಲೆ ಬಿಡಿಸಿದೆವೆಂಬ ಕಾರಣವು ಈಗ ನಿಲ್ಲುವುದಿಲ್ಲ.

ಹಳೆಯ ವಿದ್ಯಾರ್ಥಿನಿಯರಿಗೆ ನಾನು ವಿಶೇಷವಾಗಿ ಹೇಳತಕ್ಕದ್ದೇನಂದರೆ, ಮದುವೆಯಾದ ಮೇಲೆ ಬರುವ ಸುದ್ದಿಗಿಂತ ನಿಶ್ಚಯದ ವೇಳೆಯಲ್ಲಿ ಬರುವ ಸುದ್ದಿಯಿಂದ ನೂರು ಪಾಲು ಪ್ರಯೋಜನವುಂಟು. ಮದುವೆಗೆ ಮುಂಚೆಯಾದರೆ ಮ್ಯಾಜಿಸ್ಟ್ರೇಟರು ತಡೆಯಾಜ್ಞೆಯನ್ನು ಕೊಡಬಲ್ಲರು, ಯಾರೂ ಸೆರೆಮನೆಗೆ ಹೋಗಬೇಕಾಗಿಲ್ಲ. ತಹಶೀಲ್ದಾರರಿಗೆ, ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ, ಇಲ್ಲವೆ ಪೊಲೀಸರಿಗೆ ತಿಳಿಸಬಹುದು. 1098 ಎಂಬ ಟೆಲಿಫೋನು ಸಂಖ್ಯೆಗೆ ಹಗಲಿರುಳೂ ಕಾಸಿಲ್ಲದೆ ಕರೆ ಮಾಡಬಹುದು. ಹುಡುಗಿಯು ತಾನೇ ಮಾಡಿದರೂ ಸರಿಯೇ. ಇದೊಂದಕ್ಕೂ ಧೈರ್ಯ ಸಾಲದಿದ್ದರೆ ನನಗೆ ಹೇಳಿಕಳುಹಿಸಿರಿ. ಮದುವೆಯ ತಿಥಿಗಳು ಹೆಚ್ಚಾಗಿ ಬೇಸಗೆಯಲ್ಲಿ ಬರುವುದರಿಂದ, ರಜೆಯ ದಿನಗಳಲ್ಲಿಯೂ ಬೆಳಗಿನ ಹೊತ್ತು ಕಛೇರಿಯನ್ನು ತೆರೆದಿಡುತ್ತೇವೆ. ರಿಜಿಸ್ಟರಿನ ಬೀಗದ ಕೈ ನನ್ನ ಬಳಿಯಲ್ಲಿರುತ್ತದೆ.