ಐದು ಸೆಂಟಿಮೀಟರಿನ ತಪ್ಪು

ಮಗಳು ಶಾಲೆಯಿಂದ ಒಂದು ಕಾಗದವನ್ನು ತಂದು ತಂದೆಯ ಮುಂದಿಡುತ್ತಾಳೆ. ಜಿಲ್ಲೆಯ ಜಿಮ್ನಾಸ್ಟಿಕ್ಸ್ ಪಂದ್ಯಕ್ಕೆ ಅವಳನ್ನು ಆರಿಸಿದ್ದಾರೆ. ಕೆಳಗೆ ಪೋಷಕರ ರುಜು ಬೇಕು. ರುಜು ಬೀಳುವುದಕ್ಕೆ ಮೊದಲು ಮನೆಯಲ್ಲಿ ಒಂದು ಸಣ್ಣ ಸಭೆಯೇ ಸೇರುತ್ತದೆ. “ನಮ್ಮ ಮನೆಯ ಹೆಣ್ಣುಮಗು ಹತ್ತು ಜನರೆದುರು ಲಾಗ ಹಾಕುವುದೇ? ಇದೇನು ದೊಂಬರಾಟವೇ?” ಎಂದು ಅಜ್ಜಿ ಕೇಳುತ್ತಾರೆ. “ಬಿದ್ದು ಕೈಕಾಲು ಮುರಿದುಕೊಂಡರೆ ಯಾರು ಹೊಣೆ?” ಎಂಬುದು ತಾಯಿಯ ಪ್ರಶ್ನೆ. ಅಜ್ಜಿಯ ಮಾತಿಗೆ ಉತ್ತರ ಹೇಳುವುದು ಸುಲಭ. ದೊಂಬರದೂ ತಲೆಮಾರುಗಳಿಂದ ಕೂಡಿಬಂದ ವಿದ್ಯೆಯೇ. ಹಗ್ಗದ ಮೇಲೆ ನಡೆಯುವವರನ್ನು ಬೀದಿಯಲ್ಲಿ ನಿಂತು ಬೆರಗಾಗಿ ನೋಡಿದ ನಮಗೆ ಅದನ್ನು ಹಳಿಯುವ ಅಧಿಕಾರವೆಲ್ಲಿಯದು? ಆದರೆ ತಾಯಿಯ ಪ್ರಶ್ನೆ ಹಾಗಲ್ಲ. ಅದಕ್ಕೆ ತಕ್ಕ ಉತ್ತರ ದೊರೆಯುವವರೆಗೆ ರುಜು ಹಾಕದಿರುವುದೇ ಲೇಸು.

ಈ ಪಂದ್ಯದ ಸ್ವರೂಪವನ್ನು ಮೊದಲು ತಿಳಿಯೋಣ. ಹುಡುಗರಿಗೆ ಆರು ಬಗೆಯ ಕಸರತ್ತುಗಳು, ಹುಡುಗಿಯರಿಗೆ ನಾಲ್ಕು. ಓಡಿಬಂದು ಎತ್ತರದ ಸಲಕರಣೆಯೊಂದರ ಮೇಲೆ ಕೈಯೂರಿ ಹಾರುವ ವಾಲ್ಟ್, ಒಂದು ಎತ್ತರಕ್ಕೂ ಒಂದು ತಗ್ಗಿಗೂ ಕಟ್ಟಿದ ಎರಡು ಅಡ್ಡಕಂಬಿಗಳು, ತೊಲೆ ಮತ್ತು ನೆಲದ ಕಸರತ್ತು, ಇವು ಹುಡುಗಿಯರವು. ತೊಲೆ ೫ ಮೀಟರು ಉದ್ದ, ೧೦ ಸೆಂಟಿಮೀಟರು ಅಗಲ; ಅಂಗೈಯಗಲವೆನ್ನಿ. ದೊಡ್ಡ ಪಂದ್ಯಗಳಲ್ಲಿ ನೆಲದಿಂದ ೧೨೫ ಸೆಂಟಿಮೀಟರು ಎತ್ತರದಲ್ಲಿರುವ ಆ ತೊಲೆಯ ಮೇಲೆ ಹುಡುಗಿಯು ಕುಣಿಯುತ್ತಾಳೆ, ತಿರುಗುತ್ತಾಳೆ, ಅಂತರಲಾಗ ಹಾಕಿ ಮತ್ತೆ ಅದೇ ಅಂಗೈಯಗಲದ ಮೇಲೆ ಬಂದು ನಿಲ್ಲುತ್ತಾಳೆ. ತೀರ್ಪುಗಾರರಲ್ಲಿ ಕೆಲವರು ವರಸೆಗಳು ಎಷ್ಟು ಕಠಿಣವೆಂಬುದನ್ನು ಲೆಕ್ಕ ಹಾಕಿದರೆ, ಉಳಿದವರು ಹತ್ತು ಅಂಕಗಳಿಂದ ಆರಂಭಿಸಿ ತಪ್ಪುಗಳಿಗಾಗಿ ಕಳೆಯುತ್ತಾ ಹೋಗುತ್ತಾರೆ. ಇಳಿಯುವಾಗ ಪಾದವು ಒಂದು ಸಣ್ಣ ಹೆಜ್ಜೆ ಸರಿದರೆ ಅಂಕದ ಹತ್ತನೆಯ ಒಂದು ಪಾಲು ಹೋಯಿತು. ಬಿದ್ದರೆ ಇಡೀ ಒಂದು ಅಂಕ. ಇಷ್ಟು ನವುರಾದ ಲೆಕ್ಕದ ಆಟದಲ್ಲಿ ಮಕ್ಕಳ ದೇಹವು ಸಲಕರಣೆಯ ಅಳತೆಯನ್ನು ಕಣ್ಣಿಗಿಂತ ಮಿಗಿಲಾಗಿ ನೆನಪಿಟ್ಟುಕೊಂಡಿರುತ್ತದೆ.

ಆ ಅಳತೆಯೇ ತಪ್ಪಿದರೆ ಏನಾಗುವುದೆಂಬುದಕ್ಕೆ ೨೦೦೦ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ಸಿಡ್ನಿ ನಗರದಲ್ಲಿ ನಡೆದ ಸಂಗತಿಗಿಂತ ದೊಡ್ಡ ನಿದರ್ಶನ ಬೇಕಿಲ್ಲ. ಒಲಿಂಪಿಕ್ ಕ್ರೀಡೆಗಳಲ್ಲಿ ಹುಡುಗಿಯರ ಸಮಗ್ರ ಸ್ಪರ್ಧೆಯ ಅಂತಿಮ ದಿನ. ವಾಲ್ಟಿಗೆ ಆಗ ‘ಕುದುರೆ’ ಎಂಬ ಸಲಕರಣೆಯಿತ್ತು. ಅದರ ಮೇಲೆ ಕೈಯೂರಿ ಹಾರಿದ ಹುಡುಗಿಯರು ಒಬ್ಬರ ಹಿಂದೊಬ್ಬರು ಬೀಳತೊಡಗಿದರು. ಲೋಕದಲ್ಲೇ ಶ್ರೇಷ್ಠಳೆನಿಸಿದ್ದ ರಷ್ಯದ ಸ್ವೆತ್ಲಾನಾ ಖೋರ್ಕಿನಾ ಮೊಣಕಾಲೂರಿ ಬಿದ್ದಳು. ಬ್ರಿಟನ್ನಿನ ಹುಡುಗಿಯೊಬ್ಬಳು ಪೆಟ್ಟಾಗಿ ಸ್ಪರ್ಧೆಯನ್ನೇ ಬಿಡಬೇಕಾಯಿತು. ಲೋಕದ ಅತ್ಯುತ್ತಮ ಕ್ರೀಡಾಪಟುಗಳು ಹೀಗೇಕೆ ಎಡವುತ್ತಿದ್ದಾರೆಂದು ಜನರು ವಿಸ್ಮಯಪಟ್ಟರೇ ಹೊರತು ಸಲಕರಣೆಯನ್ನು ಅಳೆದು ನೋಡಿದವರಿಲ್ಲ. ಕಡೆಗೆ ಅನುಮಾನಿಸಿದವಳು ಆಸ್ಟ್ರೇಲಿಯಾದ ಅಲಾನಾ ಸ್ಲೇಟರ್. ಆಗ ಅವಳಿಗೆ ೧೬ ವರ್ಷ. ಅವಳ ಮಾತಿನ ಮೇಲೆ ಅಳೆದಾಗ ಕುದುರೆ ಇರಬೇಕಾದುದಕ್ಕಿಂತ ೫ ಸೆಂಟಿಮೀಟರು ತಗ್ಗಾಗಿತ್ತು!

ಮೊದಲೇ ಹಾರಿದವರಿಗೆ ಮತ್ತೊಮ್ಮೆ ಹಾರುವ ಅವಕಾಶವನ್ನೇನೋ ಕೊಟ್ಟರು. ಆದರೆ ಖೋರ್ಕಿನಾ ಅಷ್ಟರಲ್ಲಿ ಅಡ್ಡಕಂಬಿಯ ಕಡೆಗೆ ಹೋಗಿ, ತನಗೆ ಸರಿಸಾಟಿಯಿಲ್ಲದ ಆ ವಿಭಾಗದಲ್ಲಿಯೇ ಕೈತಪ್ಪಿ ಬಿದ್ದಿದ್ದಳು. ಆ ಬೀಳನ್ನು ಯಾರೂ ಅಳಿಸಲಾರದಾದರು. ಕುದುರೆಯ ಕಾಲನ್ನು ಸರಿಪಡಿಸಬಹುದು. ಅದರ ಮೇಲಿಂದ ಬಿದ್ದ ಹುಡುಗಿಯ ಧೈರ್ಯವನ್ನು ಐದು ನಿಮಿಷದಲ್ಲಿ ಸರಿಪಡಿಸುವುದು ಹೇಗೆ?

ಲೋಕದ ಅತಿ ದೊಡ್ಡ ಕ್ರೀಡಾಂಗಣದಲ್ಲಿಯೇ ಹೀಗಾದರೆ ನಮ್ಮ ಜಿಲ್ಲೆಯ ಪಂದ್ಯಗಳ ಮಾತೇನು? ಆದಕಾರಣ ಮಗು ಬಿದ್ದಾಗ ಮಗುವನ್ನು ಗದರುವುದಕ್ಕೆ ಮೊದಲು ಹಿರಿಯರ ಏರ್ಪಾಟನ್ನು ನೋಡತಕ್ಕದ್ದು. ಗರಡಿಮನೆಯಲ್ಲಿ ಮಟ್ಟಿಯನ್ನು ಅಗೆದು, ಕೆದರಿ, ಮೆತ್ತಗೆ ಮಾಡದೆ ಉಸ್ತಾದರು ಹುಡುಗರನ್ನು ಕುಸ್ತಿಗೆ ಬಿಡುತ್ತಿರಲಿಲ್ಲ. ಮಟ್ಟಿಯ ಜಾಗಕ್ಕೆ ಇಲ್ಲಿ ಮ್ಯಾಟು ಬಂದಿದೆ, ಹೊಣೆ ಅದೇ. ತಂದೆತಾಯಿಗಳು ಅಭ್ಯಾಸದ ಹೊತ್ತಿಗೆ ಹೋಗಿ ನೋಡಲಿ. ಮ್ಯಾಟುಗಳ ನಡುವೆ ಕಾಲು ಸಿಕ್ಕುವಂಥ ಸಂದುಗಳಿವೆಯೇ? ತೊಲೆಯ ಕಾಲುಗಳು ಅಲ್ಲಾಡುತ್ತವೆಯೇ? ಹೊಸ ವರಸೆಯನ್ನು ಕಲಿಯುವಾಗ ಉಪಾಧ್ಯಾಯರು ಪಕ್ಕದಲ್ಲಿ ಕೈಚಾಚಿ ನಿಂತಿರುತ್ತಾರೆಯೇ, ಅಥವಾ ದೂರದ ಕುರ್ಚಿಯಿಂದ ಕೂಗುತ್ತಾರೆಯೇ? ಅಭ್ಯಾಸದಲ್ಲಿ ಕೈವಶವಾಗದ ವರಸೆಯನ್ನು ಪಂದ್ಯದ ದಿನ ಪದಕದಾಸೆಗೆ ಮಾಡಿಸುವವರೂ ಉಂಟು. ಅಂಥವರ ಕೈಗೆ ಮಗುವನ್ನು ಒಪ್ಪಿಸಕೂಡದು.

ಸಿಡ್ನಿಯ ಕಥೆ ಕುದುರೆಗೇ ಮುಗಿಯಲಿಲ್ಲ. ಅಂದಿನ ಸ್ಪರ್ಧೆಯನ್ನು ಗೆದ್ದವಳು ರುಮೇನಿಯದ ಆಂದ್ರಿಯಾ ರದುಕಾನ್. ಕೆಲವೇ ದಿನಗಳಲ್ಲಿ ಅವಳ ಚಿನ್ನದ ಪದಕವನ್ನು ಹಿಂದಕ್ಕೆ ತೆಗೆದುಕೊಂಡರು. ತಂಡದ ವೈದ್ಯರು ನೆಗಡಿಗೆಂದು ಕೊಟ್ಟ ಮಾತ್ರೆಯಲ್ಲಿ ನಿಷಿದ್ಧವಾದ ಔಷಧವೊಂದಿತ್ತು. ಮಾತ್ರೆ ಕೊಟ್ಟವರು ಹಿರಿಯರು, ಪದಕ ಕಳೆದುಕೊಂಡವಳು ಹುಡುಗಿ. ಪಂದ್ಯಕ್ಕೆ ಹೊರಟ ಮಗುವಿಗೆ ನೆಗಡಿಯೆಂದೋ ಮೈಕೈ ನೋವೆಂದೋ ಕೈಗೆ ಸಿಕ್ಕಿದ ಗುಳಿಗೆಯನ್ನು ನುಂಗಿಸುವ ಅಭ್ಯಾಸ ನಮ್ಮ ಮನೆಗಳಲ್ಲಿಯೂ ಇದೆಯಷ್ಟೆ.

ಅದೇ ಕ್ರೀಡೆಗಳಲ್ಲಿ ಚೀಣಾದ ಹುಡುಗಿಯರ ತಂಡಕ್ಕೆ ಕಂಚಿನ ಪದಕ ಬಂದಿತ್ತು. ಆ ವರ್ಷದಲ್ಲಿ ೧೬ ತುಂಬದವರು ಸ್ಪರ್ಧಿಸಕೂಡದೆಂಬ ನಿಯಮ ೧೯೯೭ರಿಂದಲೇ ಇತ್ತು. ತಂಡದವಳೊಬ್ಬಳಿಗೆ ಆಗ ೧೪ ಮಾತ್ರವೆಂಬುದು ವರ್ಷಗಳ ಮೇಲೆ ಹೊರಬಿದ್ದು, ೨೦೧೦ರಲ್ಲಿ ಇಡೀ ತಂಡದ ಪದಕ ಹೋಯಿತು. ನಮ್ಮ ರಾಷ್ಟ್ರೀಯ ಶಾಲಾ ಕ್ರೀಡೆಗಳಲ್ಲಿ ೧೪, ೧೭, ೧೯ ವರ್ಷಗಳ ಒಳಗಿನವರೆಂಬ ವರ್ಗಗಳಿವೆ. ಇಲ್ಲಿ ವಯಸ್ಸನ್ನು ಕೂಡಿಸುವುದಿಲ್ಲ, ಕಳೆಯುತ್ತಾರೆ, ಅಷ್ಟೇ ವ್ಯತ್ಯಾಸ. ಜನ್ಮದಿನಾಂಕವನ್ನು ತಿದ್ದಿಸುವ ತಂದೆಯು ತನ್ನ ಮಗುವಿನ ತಲೆಯ ಮೇಲೆ ಎಂದಾದರೊಂದು ದಿನ ಬೀಳುವ ಕಲ್ಲನ್ನು ತಾನೇ ಕಟ್ಟಿ ತೂಗಿಬಿಡುತ್ತಾನೆ.

ಇನ್ನೊಂದು ಮಾತನ್ನು ಹೇಳಲು ಮನಸ್ಸಿಲ್ಲದಿದ್ದರೂ ಹೇಳದೆ ಬಿಡುವಂತಿಲ್ಲ. ೨೦೧೮ರ ಜನವರಿಯಲ್ಲಿ ಅಮೆರಿಕದ ನ್ಯಾಯಾಲಯವೊಂದರಲ್ಲಿ, ಅಲ್ಲಿನ ಜಿಮ್ನಾಸ್ಟಿಕ್ಸ್ ತಂಡದ ವೈದ್ಯನಾಗಿದ್ದವನು ಚಿಕಿತ್ಸೆಯ ನೆಪದಲ್ಲಿ ತಮ್ಮ ಮೇಲೆ ನಡೆಸಿದ ಅನಾಚಾರವನ್ನು ೧೫೦ಕ್ಕೂ ಹೆಚ್ಚು ಮಂದಿ ಹೇಳಿಕೊಂಡರು. ಅವರಲ್ಲಿ ಹಲವರು ಚಿಕ್ಕವರಾಗಿದ್ದಾಗಲೇ ಹೇಳಿದ್ದರೂ ಕೇಳಿದವರು ನಂಬಿರಲಿಲ್ಲ. ಗುರುವಿಗೆ ಗೌರವ ಕೊಡೋಣ. ಆದರೆ ಅಭ್ಯಾಸದ ಕೊಠಡಿಯ ಬಾಗಿಲು ತಂದೆತಾಯಿಗಳಿಗೆ ಮುಚ್ಚಿರಬಾರದು. ಮಗು ಅಲ್ಲಿಗೆ ಹೋಗಲೊಲ್ಲೆನೆಂದರೆ ಸೋಮಾರಿತನವೆಂದು ತಳ್ಳಿಹಾಕದೆ, ಹತ್ತಿರ ಕೂರಿಸಿಕೊಂಡು ಏಕೆಂದು ಕೇಳಬೇಕು.

ಇಷ್ಟನ್ನು ಓದಿ ರುಜು ಹಾಕುವುದೇ ಬೇಡವೆಂದು ಯಾರಾದರೂ ನಿಶ್ಚಯಿಸಿದರೆ ಅದು ನನಗೆ ಸಮ್ಮತವಲ್ಲ. ತ್ರಿಪುರಾದ ಅಗರ್ತಲೆಯ ದೀಪಾ ಕರ್ಮಾಕರ್ ಆರನೆಯ ವಯಸ್ಸಿನಲ್ಲಿ ಕಲಿಯಲಾರಂಭಿಸಿದಾಗ ಅವಳ ಪಾದಗಳು ಚಪ್ಪಟೆಯಾಗಿದ್ದುವು. ಹಾರಿ ಇಳಿಯುವ ವಿದ್ಯೆಗೆ ಅದೊಂದು ದೊಡ್ಡ ಕುಂದು. ಗುರು ಬಿಶ್ವೇಶ್ವರ ನಂದಿಯವರು ಆತುರಪಡದೆ ಮೊದಲು ಆ ಪಾದಗಳನ್ನೇ ತಿದ್ದುವುದಕ್ಕೆ ತೊಡಗಿದರು. ೨೦೧೬ರಲ್ಲಿ ರಿಯೋ ನಗರದ ಒಲಿಂಪಿಕ್ ಕ್ರೀಡೆಗಳಲ್ಲಿ ಅವಳು ವಾಲ್ಟಿನಲ್ಲಿ ನಾಲ್ಕನೆಯವಳಾದಳು. ಪಡೆದದ್ದು ೧೫.೦೬೬, ಕಂಚಿಗೆ ಕಡಮೆಯಾದದ್ದು ೦.೧೫೦. ಹೆಚ್ಚುಕಡಮೆ ಒಂದು ಹೆಜ್ಜೆ ಸರಿದಷ್ಟು! ಮುಂದೆ ಮೊಣಕಾಲಿನ ಶಸ್ತ್ರಚಿಕಿತ್ಸೆಯನ್ನೂ ಕಂಡು, ೨೦೨೪ರ ಮೇ ತಿಂಗಳಲ್ಲಿ ತಾಷ್ಕೆಂಟಿನಲ್ಲಿ ತನ್ನ ೩೦ನೆಯ ವಯಸ್ಸಿನಲ್ಲಿ ವಾಲ್ಟಿನಲ್ಲಿಯೇ ಏಷ್ಯಾ ಖಂಡದ ಚಿನ್ನವನ್ನು ಗೆದ್ದು, ಆ ವರ್ಷವೇ ಸ್ಪರ್ಧೆಗಳಿಂದ ನಿವೃತ್ತಳಾದಳು. ಎಳೆಯ ವಯಸ್ಸಿನಲ್ಲಿಯೇ ಎಲ್ಲವೂ ಆಗಿಬಿಡಬೇಕೆಂದು ಮಕ್ಕಳನ್ನು ಅಟ್ಟುವವರು ಈ ವಯಸ್ಸನ್ನು ಸ್ವಲ್ಪ ಗಮನಿಸಬೇಕು.

ಶಾಲೆಯವರು ಕಾಗದವನ್ನು ಮರಳಿ ಕೊಡಲು ಸಾಮಾನ್ಯವಾಗಿ ಎರಡು ಮೂರು ದಿನಗಳ ಅವಕಾಶವನ್ನು ಕೊಡುತ್ತಾರೆ. ಅಷ್ಟರೊಳಗೆ ಒಂದು ಸಂಜೆ ಅಭ್ಯಾಸದ ಹೊತ್ತಿಗೆ ಹೋಗಿ, ಒಂದು ಮೂಲೆಯಲ್ಲಿ ಕುಳಿತು ನೋಡಿಬರಬಹುದು. ಅಜ್ಜಿಯನ್ನೂ ಕರೆದುಕೊಂಡು ಹೋಗಿ.