ತವರಿಗೆ ಮರಳುವ ಮೀನು

ಸಿಹಿನೀರಿನ ತೊರೆಯಲ್ಲಿ ಹುಟ್ಟಿ, ಉಪ್ಪುನೀರಿನ ಕಡಲಿನಲ್ಲಿ ಬೆಳೆದು, ಬಾಳಿನ ಕೊನೆಯಲ್ಲಿ ಹುಟ್ಟಿದ ತೊರೆಯನ್ನೇ ಅರಸಿ ಬಂದು, ಅಲ್ಲಿ ಸಂತತಿಯನ್ನಿರಿಸಿ ಪ್ರಾಣ ಬಿಡುವ ಮೀನೊಂದುಂಟು. ಅದಕ್ಕೆ ಸಾಲ್ಮನ್ ಎಂದು ಹೆಸರು. ಲ್ಯಾಟಿನ್ ಮೂಲದ ಈ ಹೆಸರು ‘ನೆಗೆ’ ಎಂಬ ಅರ್ಥವುಳ್ಳ ಧಾತುವಿನಿಂದ ಬಂದಿರಬೇಕೆಂದು ಹಲವರ ಎಣಿಕೆ. ಪ್ರವಾಹಕ್ಕೆ ಇದಿರಾಗಿ ಅಬ್ಬಿಗಳನ್ನು ನೆಗೆದೇರುವ ಮೀನಿಗೆ ಇದು ಅನ್ವರ್ಥನಾಮವೇ ಸರಿ. ಈ ಮೀನನ್ನೂ ಅದರ ಹೊಳೆಯನ್ನೂ ಉಳಿಸಿಕೊಳ್ಳಲು ಅಮೆರಿಕದ ಒಂದು ಊರಿನ ಜನ ಕೈಗೊಂಡ ಕಾರ್ಯವನ್ನು ನಮ್ಮ ವಿದ್ಯಾರ್ಥಿಗಳಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ಅಮೆರಿಕ ಸಂಯುಕ್ತ ಸಂಸ್ಥಾನದ ವಾಯವ್ಯ ಮೂಲೆಯಲ್ಲಿ ವಾಷಿಂಗ್ಟನ್ ರಾಜ್ಯವಿದೆ. ಆ ದೇಶದ ರಾಜಧಾನಿಯಾದ ವಾಷಿಂಗ್ಟನ್ ನಗರ ಬೇರೆ, ಇದು ಬೇರೆ. ಅಲ್ಲಿಯ ಸಿಯಾಟಲ್ ಮಹಾನಗರದ ಪೂರ್ವಕ್ಕೆ, ಬೆಟ್ಟಗಳ ತಪ್ಪಲಿನಲ್ಲಿ, ಇಸಕ್ವಾ ಎಂಬ ಊರುಂಟು. ಊರ ನಡುವೆ ಹರಿಯುವ ಇಸಕ್ವಾ ತೊರೆಯು ಸಮಾಮಿಶ್ ಸರೋವರವನ್ನು ಕೂಡುತ್ತದೆ. ಆ ನೀರು ಅಲ್ಲಿಂದ ವಾಷಿಂಗ್ಟನ್ ಸರೋವರಕ್ಕೂ, ಬಳಿಕ ಹಡಗುಗಾಲುವೆಯ ಮೂಲಕ ಪ್ಯೂಜೆಟ್ ಸೌಂಡ್ ಎಂಬ ಕಡಲಚಾಚಿಗೂ ಸೇರುತ್ತದೆ. ಕಾಲುವೆಯ ಬಾಯಿಯಲ್ಲಿ 1917ರಲ್ಲಿ ಉದ್ಘಾಟಿತವಾದ ಬ್ಯಾಲರ್ಡ್ ಜಲದ್ವಾರಗಳಿವೆ. ಅವುಗಳ ಪಕ್ಕದಲ್ಲಿ ಮೀನುಗಳು ಹತ್ತಿಹೋಗಲೆಂದೇ 21 ಮೆಟ್ಟಿಲುಗಳ ನೀರಿನ ಸೋಪಾನವನ್ನು 1976ರಲ್ಲಿ ಕಟ್ಟಲಾಯಿತು. ಕಡಲಿನಿಂದ ತವರಿಗೆ ಬರುವ ಸಾಲ್ಮನ್ ಈ ಹಾದಿಯನ್ನೆಲ್ಲ ಈಜಿ ಬರಬೇಕು.

ಈ ಮೀನಿನ ಜೀವನಕ್ರಮ ಸೋಜಿಗವನ್ನುಂಟುಮಾಡುವಂಥದು. ಶರತ್ಕಾಲದಲ್ಲಿ ಹೆಣ್ಣುಮೀನು ತೊರೆಯ ತಳದ ಹರಳುಗಲ್ಲುಗಳನ್ನು ಬಾಲದಿಂದ ಬಡಿದು ಗುಳಿ ಮಾಡಿ ಮೊಟ್ಟೆಯಿಡುತ್ತದೆ. ಶಿನೂಕ್ ಎಂಬ ದೊಡ್ಡ ಜಾತಿಯ ಮೀನು ಸಾಮಾನ್ಯವಾಗಿ 3,000ದಿಂದ 5,000ದವರೆಗೆ ಮೊಟ್ಟೆಗಳನ್ನಿಡುತ್ತದೆ. ಚಳಿಗಾಲವೆಲ್ಲ ಕಲ್ಲುಗಳ ಸಂದಿನಲ್ಲಿ ತಣ್ಣನೆಯ ತಿಳಿನೀರು ಅವುಗಳ ಮೇಲೆ ಹರಿಯುತ್ತಿರಬೇಕು. ಹೂಳು ಮುಚ್ಚಿತೆಂದರೆ ಮೊಟ್ಟೆಗಳಿಗೆ ಆಮ್ಲಜನಕ ಸಿಗದೆ ಅಲ್ಲಿಯೇ ಸಾಯುತ್ತವೆ. ಒಡೆದು ಬಂದ ಮರಿಗೆ ಮೊದಲ ದಿನಗಳ ಬುತ್ತಿ ಹೊಟ್ಟೆಗೆ ಅಂಟಿಕೊಂಡೇ ಇರುತ್ತದೆ. ಅದು ಮುಗಿದ ಮೇಲೆ ಮರಿ ಹೊರಬಂದು ಹುಳುಹುಪ್ಪಟೆಗಳನ್ನು ಹಿಡಿದು ತಿನ್ನತೊಡಗುತ್ತದೆ. ಶಿನೂಕ್ ಮರಿಗಳಲ್ಲಿ ಬಹಳಷ್ಟು ಕೆಲವೇ ತಿಂಗಳಲ್ಲಿ ಕಡಲಿಗೆ ಇಳಿಯುತ್ತವೆ. ಕೊಹೊ ಎಂಬ ಜಾತಿಯವು ವರ್ಷಕ್ಕಿಂತ ಹೆಚ್ಚು ಕಾಲ ತೊರೆಯಲ್ಲಿಯೇ ಉಳಿಯುತ್ತವೆ. ಕೆಲವು ವರ್ಷ ಕಡಲಿನಲ್ಲಿ ತಿರುಗಿದ ಮೀನು ತನ್ನ ತೊರೆಯನ್ನು ಗುರುತಿಸುವುದು ಹೇಗೆ? ವಾಸನೆಯಿಂದ. ಎಳವೆಯಲ್ಲಿ ಮನಸ್ಸಿಗಿಳಿದ ತವರುನೀರಿನ ವಾಸನೆಯೇ ಅದಕ್ಕೆ ದಾರಿತೋರುಗವೆಂಬ ತತ್ತ್ವವನ್ನು ಆರ್ಥರ್ ಹ್ಯಾಸ್ಲರ್ ಎಂಬ ವಿಜ್ಞಾನಿ 1950ರ ದಶಕದಿಂದ ಪ್ರಯೋಗಗಳ ಮೂಲಕ ಸ್ಥಾಪಿಸಿದನು. ಸಿಹಿನೀರನ್ನು ಹೊಕ್ಕ ಮೇಲೆ ಅದು ಆಹಾರವನ್ನು ತ್ಯಜಿಸುತ್ತದೆ. ಮೊಟ್ಟೆಯಿಟ್ಟ ಬಳಿಕ ಸಾಯುತ್ತದೆ. ಅದರ ಕಳೇಬರವೂ ವ್ಯರ್ಥವಲ್ಲ. ಕಡಲಿನಿಂದ ಹೊತ್ತುತಂದ ಸಾರವು ಕೊಳೆತು ತೊರೆಯ ಹುಳುಗಳಿಗೂ ದಡದ ಮರಗಳಿಗೂ ಗೊಬ್ಬರವಾಗುತ್ತದೆ. ಆ ಹುಳುಗಳನ್ನೇ ಮುಂದಿನ ಪೀಳಿಗೆಯ ಮರಿಗಳು ತಿನ್ನುತ್ತವೆ.

ಇಂಥ ಮೀನು ಇಸಕ್ವಾ ತೊರೆಯಲ್ಲಿ ಕ್ಷೀಣಿಸಿದುದು ಮನುಷ್ಯನಿಂದ. ಕಲ್ಲಿದ್ದಲ ಗಣಿಗಳೂ ಮರ ಕಡಿಯುವ ಉದ್ಯಮವೂ ಅಲ್ಲಿ ಬೆಳೆದಂತೆ ದಡಗಳು ಬೋಳಾದುವು, ನೀರು ಕದಡಿತು. ಇದಕ್ಕೆ ಪರಿಹಾರವಾಗಿ 1936ರಲ್ಲಿ, ಆರ್ಥಿಕ ಮುಗ್ಗಟ್ಟಿನ ಕಾಲದ ಉದ್ಯೋಗ ಯೋಜನೆಯಡಿ, ಅಲ್ಲಿ ಮೀನುಮರಿ ಕೇಂದ್ರವೊಂದನ್ನು ಕಟ್ಟಲಾಯಿತು. ಇಂಥ ಕೇಂದ್ರಕ್ಕೆ ಹ್ಯಾಚರಿ ಎನ್ನುವರು. ತೊರೆಗೆ ಅಡ್ಡಲಾಗಿ ಹಾಕಿದ ಕಟ್ಟೆಯ ಬಳಿ ಮರಳಿಬಂದ ಮೀನುಗಳು ಸೋಪಾನವನ್ನೇರಿ ಕೊಳಗಳನ್ನು ಸೇರುತ್ತವೆ. ಸಿಬ್ಬಂದಿಯವರು ಹೆಣ್ಣುಮೀನಿನ ಮೊಟ್ಟೆಗಳನ್ನು ತೆಗೆದು, ಗಂಡುಮೀನಿನ ರೇತಸ್ಸಿನೊಡನೆ ಬೆರೆಸಿ, ತಣ್ಣೀರು ಹರಿಯುವ ತಟ್ಟೆಗಳಲ್ಲಿ ಕಾಪಾಡುತ್ತಾರೆ. ಮರಿಗಳನ್ನು ಕೊಳಗಳಲ್ಲಿ ಸಾಕಿ ಹದವರಿತು ತೊರೆಗೆ ಬಿಡುತ್ತಾರೆ. ತೊರೆಯಲ್ಲಿ ಮೊಟ್ಟೆಗಳ ಬಹುಪಾಲು ನಾಶವಾಗುವುದು ಸಹಜ. ಕೇಂದ್ರದಲ್ಲಿ ಬಹುಪಾಲು ಉಳಿಯುತ್ತವೆ.

1990ರ ದಶಕದ ಆರಂಭದಲ್ಲಿ ರಾಜ್ಯ ಸರ್ಕಾರವು ಕೇಂದ್ರವನ್ನು ಮುಚ್ಚುವ ಯೋಚನೆಗೆ ಬಂದಿತು. ಅಧಿಕಾರಿಗಳಿಗೆ ಅದು ಲೆಕ್ಕಪುಸ್ತಕದ ಒಂದು ಬಾಬು, ಊರಿನವರಿಗೆ ಹಾಗಲ್ಲ. 1970ರಿಂದಲೇ ಅವರು ಅಕ್ಟೋಬರ್ ತಿಂಗಳ ಮೊದಲ ವಾರಾಂತ್ಯದಲ್ಲಿ ಮೀನು ಮರಳಿಬರುವುದನ್ನು ಜಾತ್ರೆಯಂತೆ ಆಚರಿಸುತ್ತ ಬಂದಿದ್ದರು. ಅವರು ಸುಮ್ಮನಿರಲಿಲ್ಲ. 1994ರಲ್ಲಿ ‘ಇಸಕ್ವಾ ಸಾಲ್ಮನ್ ಹ್ಯಾಚರಿಯ ಗೆಳೆಯರು’ ಎಂಬ ಸಂಘವನ್ನು ಕಟ್ಟಿದರು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಓದಿದರೆ ‘ಫಿಶ್’, ಎಂದರೆ ಮೀನು ಎಂದೇ ಆಗುತ್ತದೆ! ಕೇಂದ್ರ ಉಳಿಯಿತು. ಮೀನು ಸಾಕುವ ಹೊಣೆ ಸರ್ಕಾರದ್ದಾಗಿಯೇ ಇದೆ. ಬಂದವರಿಗೆ ತಿಳಿಯಹೇಳುವ ಹೊಣೆಯನ್ನು ಸಂಘವು ಹೊತ್ತಿತು. ತರಬೇತಿ ಪಡೆದ ಸ್ವಯಂಸೇವಕರು ಶಾಲೆಯ ಮಕ್ಕಳನ್ನು ಸೋಪಾನದ ಗಾಜಿನ ಕಿಟಕಿಯ ಬಳಿ ನಿಲ್ಲಿಸಿ, ಕಡಲಿನಿಂದ ಬಂದ ಮೀನನ್ನು ಮುಖಾಮುಖಿಯಾಗಿ ತೋರಿಸುತ್ತಾರೆ.

ಅವರು ಕಲಿಸುವುದು ಮೀನಿನ ಪಾಠವನ್ನು ಮಾತ್ರವಲ್ಲ, ಜಲಾನಯನದ ಪಾಠವನ್ನು. ‘ಆನಯನ’ವೆಂದರೆ ತರುವುದು. ಬಿದ್ದ ಮಳೆಯನ್ನೆಲ್ಲ ಒಂದು ಹೊಳೆಗೆ ತಂದು ಸೇರಿಸುವ ಭೂಮಿಯೆಲ್ಲವೂ ಆ ಹೊಳೆಯ ಜಲಾನಯನ ಪ್ರದೇಶ. ಆದುದರಿಂದ ಹೊಳೆಯೆಂದರೆ ಎರಡು ದಡಗಳ ನಡುವಿನ ನೀರಷ್ಟೇ ಅಲ್ಲ. ಮನೆಯ ಅಂಗಳ, ಬೀದಿ, ಹೊಲ, ಬೆಟ್ಟ ಎಲ್ಲವೂ ಹೊಳೆಯೇ. ಆ ಸೀಮೆಯಲ್ಲಿ ಬೀದಿಯ ಮಳೆಮೋರಿಗಳಲ್ಲಿ ಅನೇಕವು ಶುದ್ಧೀಕರಣವಿಲ್ಲದೆ ನೇರವಾಗಿ ತೊರೆಗೆ ಹೋಗುತ್ತವೆ. ಅಂಗಳದಲ್ಲಿ ಚೆಲ್ಲಿದ ಎಣ್ಣೆ ಮೀನಿನ ಕಿವಿರು ಮುಟ್ಟುತ್ತದೆಂಬುದನ್ನು ಮಕ್ಕಳು ಹೀಗೆ ಅರಿಯುತ್ತಾರೆ. ವಾಷಿಂಗ್ಟನ್ ರಾಜ್ಯದ ಹಲವು ಶಾಲೆಗಳಲ್ಲಿ ತರಗತಿಯಲ್ಲಿಯೇ ತಣ್ಣೀರಿನ ಗಾಜಿನ ತೊಟ್ಟಿಯಿಟ್ಟು, ಮೊಟ್ಟೆಯಿಂದ ಮರಿ ಮಾಡಿ, ವಸಂತದಲ್ಲಿ ತೊರೆಗೆ ಬಿಡುವ ಪದ್ಧತಿಯೂ ಇದೆ. ಉದ್ಯೋಗನಿಮಿತ್ತ ಆ ಸೀಮೆಯಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳು ಅನೇಕ. ಆ ತೊರೆ ಅವರ ಮಕ್ಕಳಿಗೂ ತವರಿನ ಹೊಳೆಯೇ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕೇಂದ್ರದಲ್ಲಿ ಬೇಕಾದಷ್ಟು ಮರಿಗಳನ್ನು ಮಾಡಬಹುದಾದರೆ ಹೊಳೆಯ ಚಿಂತೆಯೇಕೆ? ಬಲ್ಲವರು ಇದನ್ನು ಒಪ್ಪುವುದಿಲ್ಲ. ಕೊಳದಲ್ಲಿ ಬೆಳೆದ ಮೀನು ಕಾಡುಮೀನಿನೊಡನೆ ಆಹಾರಕ್ಕೂ ನೆಲೆಗೂ ಸ್ಪರ್ಧಿಸುತ್ತದೆ. ಅದರೊಡನೆ ಬೆರೆತು, ಆಯಾ ತೊರೆಗೆ ಹೊಂದಿ ಬಂದ ತಳಿಯ ಕಸುವನ್ನು ಕುಗ್ಗಿಸಲೂಬಹುದು. ಇಷ್ಟು ಕೇಂದ್ರಗಳಿದ್ದೂ 1999ರಲ್ಲಿ ಪ್ಯೂಜೆಟ್ ಸೌಂಡ್‌ನ ಶಿನೂಕ್ ಮೀನನ್ನು ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಗೆ ಸೇರಿಸಬೇಕಾಯಿತು. ಇನ್ನೊಂದು ಎಚ್ಚರಿಕೆ 2020ರಲ್ಲಿ ಬಂದಿತು. ಮಳೆ ಬಂದ ಕೂಡಲೇ ನಗರದ ತೊರೆಗಳಲ್ಲಿ ಕೊಹೊ ಮೀನುಗಳು ಮೊಟ್ಟೆಯಿಡುವ ಮುನ್ನವೇ ಸಾಯುತ್ತಿದ್ದುವು. ವಾಹನದ ಟೈರು ಬಿರಿಯದಿರಲೆಂದು ರಬ್ಬರಿಗೆ ಬೆರೆಸುವ ರಾಸಾಯನಿಕವೊಂದು ಓಜೋನಿನೊಡನೆ ಕೂಡಿ ವಿಷವಾಗಿ, ರಸ್ತೆಯ ಧೂಳಿನೊಂದಿಗೆ ತೊರೆಗೆ ಹರಿಯುವುದೇ ಇದರ ಕಾರಣವೆಂದು ವಿಜ್ಞಾನಿಗಳು ಆ ವರ್ಷ ಪ್ರಕಟಿಸಿದರು. ಕೇಂದ್ರದಲ್ಲಿ ಎಷ್ಟು ಅಕ್ಕರೆಯಿಂದ ಸಾಕಿದರೇನು, ಮರಿ ಕೊನೆಗೆ ಇಳಿಯಬೇಕಾದುದು ಆ ನೀರಿಗೇ, ಮರಳಬೇಕಾದುದೂ ಆ ನೀರಿಗೇ.

ಹ್ಯಾಚರಿಯು ಕಾಯಿಲೆಯವನಿಗೆ ಕೊಡುವ ಊರುಗೋಲು. ಕಾಲಿಗೆ ಬಲ ಬರಬೇಕಾದರೆ ಹೊಳೆಯೇ ಗುಣವಾಗಬೇಕು. ಇಸಕ್ವಾದ ಜನರು ಕಟ್ಟಡವೊಂದನ್ನು ಉಳಿಸಿದುದು ದೊಡ್ಡದೇ. ಆ ಕಟ್ಟಡವನ್ನು ಪಾಠಶಾಲೆಯಾಗಿ ಮಾಡಿಕೊಂಡು, ಅಂಗಳದ ನೀರು ಎಲ್ಲಿಗೆ ಹೋಗುತ್ತದೆಂದು ತಮ್ಮ ಮಕ್ಕಳು ಕೇಳುವಂತೆ ಮಾಡಿದುದು ಅದಕ್ಕಿಂತ ದೊಡ್ಡದು. ಈ ಪ್ರಶ್ನೆಯನ್ನು ಕೇಳಲು ಸಾಲ್ಮನ್ ಇರುವ ಹೊಳೆಯೇ ಬೇಕಾಗಿಲ್ಲ. ಮಳೆ ಸುರಿಯುವ ದಿನ ಶಾಲೆಯ ಬಾಗಿಲಲ್ಲಿ ನಿಂತು, ಅಂಗಳದ ನೀರು ಹರಿದುಹೋಗುವ ದಿಕ್ಕನ್ನು ನೋಡಿದರೆ ಸಾಕು.